ಹಾಲೆ ಮರದ ಬೆಣೆ

ಅಂಗೈ ಅಗಲದ ಒಂದು ಗಾಜಿನ ಬಿಲ್ಲೆ. ಕುಲುಮೆಯಿಂದ ಬಂದಾಗ ಅದಕ್ಕೆ ಹನ್ನೊಂದು ಸಾವಿರ ರೂಪಾಯಿ. ಯಂತ್ರದಲ್ಲಿ ಕೊರೆದು ಉಬ್ಬು ಕೊಡಲು ಒಂಬತ್ತು ಸಾವಿರ. ಉಜ್ಜುವ ಗುಲಾಬಿ ಬಣ್ಣದ ಪುಡಿ, ರಾಳ, ನೀರು, ಕರೆಂಟು ಎಲ್ಲ ಸೇರಿ ಎರಡು ಸಾವಿರ. ಅಲ್ಲಿಗೆ ಇಪ್ಪತ್ತೆರಡು ಸಾವಿರ. ಅದೇ ಬಿಲ್ಲೆ ಮಸೂರವಾಗಿ ಪೆಟ್ಟಿಗೆ ಸೇರುವಾಗ ಹದಿನಾಲ್ಕು ಲಕ್ಷ. ನಡುವಿನ ಹದಿಮೂರು ಲಕ್ಷದ ಎಪ್ಪತ್ತೆಂಟು ಸಾವಿರ ರೂಪಾಯಿ ಕೈಯ ಬೆಲೆ. ಆ ದುಡ್ಡೆಲ್ಲ ಉಜ್ಜುವವನಿಗೆ ಸಿಗುವುದಿಲ್ಲ ಅನ್ನುವುದು ಬೇರೆ ಮಾತು. ಆದರೆ ಆ ಕೈ ಇಲ್ಲದಿದ್ದರೆ ಬಿಲ್ಲೆ ಇಪ್ಪತ್ತೆರಡು ಸಾವಿರದಲ್ಲೇ ನಿಲ್ಲುತ್ತದೆ.

ಮೂವತ್ತೊಂದು ವರ್ಷ ನಾನು ಆ ಕೈಯ ಕೆಲಸ ಮಾಡಿದೆ. ನನ್ನ ಹೆಸರು ಶಿವಲಿಂಗಾಚಾರ್. ಅಪ್ಪ ಮಾಗಡಿಯಲ್ಲಿ ಅಕ್ಕಸಾಲಿ. ನಾನು ತುಮಕೂರಿನಲ್ಲಿ ಐದು ವರ್ಷ ಗಡಿಯಾರ ಜೋಡಿಸಿ, ಆಮೇಲೆ ಜರ್ಮನಿಯ ಯೇನಾ ಎಂಬ ಊರಿಗೆ ಬಂದು ಒಂದು ಮಸೂರದ ಕಾರ್ಖಾನೆ ಸೇರಿದವನು. ಚಿಪ್ ಅಚ್ಚು ಹಾಕುವ ಯಂತ್ರಗಳ ಒಳಗೆ ಕೂರುವ ಮಸೂರಗಳು ನಮ್ಮವು. ಕೂದಲಿನ ದಪ್ಪವನ್ನು ಹತ್ತು ಸಾವಿರ ಪಾಲು ಮಾಡಿದರೆ ಒಂದು ಪಾಲು ಎಷ್ಟೋ ಅಷ್ಟು ಏರುಪೇರು ಉಳಿದರೂ ಮಸೂರ ತಿಪ್ಪೆಗೆ. ಯಂತ್ರಗಳು ಬಹಳ ದೂರದವರೆಗೆ ತಂದುಕೊಡುತ್ತವೆ. ಕೊನೆಯ ಆ ಒಂದು ಪಾಲನ್ನು ರಾಳದ ಗಟ್ಟಿ ಹಿಡಿದ ಮನುಷ್ಯನ ಕೈಯೇ ತೆಗೆಯಬೇಕು. ಒತ್ತಡ ಎಷ್ಟು, ರಾಳ ಯಾವಾಗ ಮೆತ್ತಗಾಯಿತು, ಗಾಜು ಯಾವಾಗ ಬಿಸಿಯಾಯಿತು, ಇದನ್ನು ಬರೆದು ಕಲಿಸಲು ಆಗುವುದಿಲ್ಲ.

ಹೊರದೇಶದವರು ಭಾರತಕ್ಕೆ ಇಂಥ ಮಸೂರ ಕೊಡುವುದನ್ನು ನಿಲ್ಲಿಸಿದ ವರ್ಷ ನಾನು ನಿವೃತ್ತನಾಗಿ ಯೇನಾದಲ್ಲೇ ಇದ್ದೆ. ಆಗ ಇಂಚರಾ ಎಂಬ ಎಂಜಿನಿಯರ್ ಫೋನು ಮಾಡಿದಳು. ಒಂಬತ್ತು ವರ್ಷ ತೈವಾನಿನಲ್ಲಿ ದುಡಿದು ವಾಪಸು ಹೋದವಳು. ಚನ್ನಪಟ್ಟಣದ ಹೊರಗೆ, ಹೆದ್ದಾರಿಯ ಪಕ್ಕದಲ್ಲಿ ಮಸೂರದ ಕಾರ್ಖಾನೆ ಕಟ್ಟಿದ್ದಳು.

"ಸರ್, ನೀವೇ ಬಂದು ಕಲಿಸಿಕೊಡಬೇಕು," ಅಂದಳು.

"ನನ್ನ ಶ್ವಾಸಕೋಶದಲ್ಲಿ ಒಂದು ಸಲ ರಕ್ತ ಹೆಪ್ಪುಗಟ್ಟಿತ್ತಮ್ಮ. ವಿಮಾನ ಹತ್ತಬೇಡ ಅಂದಿದ್ದಾರೆ."

"ಹಾಗಾದ್ರೆ ನಿಮ್ಮ ಕೈ ಕಳಿಸಿ ಸಾಕು. ಅದಕ್ಕೆ ಟಿಕೆಟ್ ಬೇಡ."

ಮಸೂರದ ನಕ್ಷೆಯನ್ನು ದೇಶ ದಾಟಿಸಬಾರದು, ಲೆಕ್ಕದ ಹಾಳೆ ದಾಟಿಸಬಾರದು ಎಂದು ಇಲ್ಲಿ ಕಾನೂನಿತ್ತು. ನಾನು ಒಬ್ಬ ವಕೀಲನನ್ನು ಕೇಳಿದೆ. ಅವನು ಎರಡು ದಿನ ಓದಿ, ಕೈಯ ಬಗ್ಗೆ ಏನೂ ಬರೆದಿಲ್ಲ ಅಂದ.

ಯಂತ್ರದ ಹೆಸರು ದೂರಗೈ. ಎರಡು ಕೈಗವಸು, ಒಂದು ನನ್ನ ಮನೆಯಲ್ಲಿ, ಇನ್ನೊಂದು ಅಲ್ಲಿ. ನಾನು ಒತ್ತಿದರೆ ಅಲ್ಲಿ ಕಲಿಯುವವರ ಬೆರಳು ಅಷ್ಟೇ ಒತ್ತುತ್ತದೆ. ಅವರ ಅಂಗೈಯ ಬಿಸಿ, ರಾಳದ ಜಿಗುಟು ನನಗೆ ತಿರುಗಿ ಬರುತ್ತದೆ. ಮಾತು ಕಿವಿಗೆ ಸಿಕ್ಕಿಸಿಕೊಂಡ ಫೋನಿನಲ್ಲಿ. ಒಂದೇ ತೊಡಕು: ಸುದ್ದಿ ಹೋಗಿ ಬರಲು ಕಾಲು ಸೆಕೆಂಡು ಬೇಕು, ಅಷ್ಟರಲ್ಲಿ ಗಾಜು ಕೆಡುತ್ತದೆ. ಅದಕ್ಕೆ ಇಂಚರಾ ಒಂದು ಉಪಾಯ ಮಾಡಿದ್ದಳು. ಯಂತ್ರ ನನ್ನ ಕೈಯನ್ನು ದಿನವೂ ಓದಿಕೊಂಡು, ನಾನು ಮುಂದೆ ಏನು ಮಾಡುತ್ತೇನೆಂದು ಮೊದಲೇ ಊಹಿಸಿ ಅಲ್ಲಿ ಮಾಡಿಬಿಡುತ್ತಿತ್ತು. ಆ ಊಹೆಯ ಕೈಗೆ ಅವಳು ಇಟ್ಟ ಹೆಸರು ನೆರಳುಗೈ. ಆರು ಮಸೂರ ಸಾಲಾಗಿ ಪಾಸಾದರೆ ನೆರಳುಗೈಗೆ ಮೊಹರು ಹಾಕಿ ಮುನ್ನೂರು ಮೇಜುಗಳಿಗೆ ಹಂಚುವುದು, ಅಲ್ಲಿಗೆ ನನ್ನ ಕೆಲಸ ಮುಗಿಯುವುದು, ಇದು ಒಪ್ಪಂದ.

ಮನೆಯಲ್ಲಿ ಕ್ಯಾಮೆರಾ ಮಾತ್ರ ಬೇಡ ಅಂದೆ. ಹೆಂಡತಿ ಉಲ್ರಿಕ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವಳ ಕೋಟು ಇನ್ನೂ ಗೂಟದ ಮೇಲೇ ಇತ್ತು. ಅದನ್ನು ಊರಿಗೆಲ್ಲ ತೋರಿಸುವುದು ಬೇಡ ಅನ್ನಿಸಿತು.

ಕಲಿಯಲು ಬಂದವರು ಮೂವತ್ತು ಜನ, ಎಲ್ಲರೂ ಬೊಂಬೆ ಕಡೆಯುವವರು. ಇದು ಇಂಚರಾಳ ಜಾಣತನ. ಮರದ ಬೊಂಬೆ ಲೇತಿನ ಮೇಲೆ ತಿರುಗುವಾಗ ಅರಗಿನ ಕಡ್ಡಿ ಒತ್ತಿ ಬಣ್ಣ ಕೂರಿಸುವ ಜನಕ್ಕೆ ಅರಗು ಯಾವ ಬಿಸಿಗೆ ಕರಗುತ್ತದೆ ಎಂಬುದು ಬೆರಳಿಗೇ ಗೊತ್ತು. ರಾಳಕ್ಕೂ ಅರಗಿಗೂ ಸ್ವಭಾವ ಒಂದೇ. ಅವರ ಪೈಕಿ ದೂರಗೈ ಹಾಕಿಕೊಳ್ಳಲು ಮೊದಲು ಬಂದವಳು ಶಮೀಮ್ ಬಾನು. ನಲವತ್ತಾರು ವರ್ಷ. ಅದರಲ್ಲಿ ಇಪ್ಪತ್ತೆಂಟು ವರ್ಷ ಲೇತಿನ ಮುಂದೆ ಕೂತವಳು. ಅವಳು ಕಲಿತದ್ದನ್ನು ಉಳಿದವರಿಗೆ ದಾಟಿಸುವುದೆಂದು ಗೊತ್ತಾಗಿತ್ತು.

ಮೊದಲ ದಿನ ಕೈಗವಸು ಬಿಗಿಯಾದ ಕೂಡಲೇ ಅವಳು ಅಂದಳು, "ಮೇಷ್ಟ್ರೆ, ಇಷ್ಟೊಂದು ತಣ್ಣಗೈತಲ್ಲ ನಿಮ್ ಕೈ. ಊಟ ಮಾಡಿದ್ರಾ?"

"ಇಲ್ಲಿ ಇನ್ನೂ ಬೆಳಿಗ್ಗೆ ಎಂಟು ಗಂಟೆ ತಾಯಿ. ಬ್ರೆಡ್ ತಿಂದೆ."

"ಬರೀ ಬ್ರೆಡ್ಡಾ? ಅದಕ್ಕೇ." ಪಕ್ಕದ ಯಾರಿಗೋ ಹೇಳಿದಳು, "ಇವರು ಜರ್ಮನಿಗೆ ಹೋಗಿರೋದು ಆಸ್ಪತ್ರೆ ಊಟ ತಿನ್ನೋಕೆ ಕಣೆ."

ಕೋಣೆಯಲ್ಲಿ ನಗು. ಆಮೇಲೆ ಮೆಲ್ಲಗೆ, "ನಮ್ಮನೆಯವರಿಗೆ ಹೇಳ್ಬಂದಿದೀನಿ, ದಿನಾ ಎರಡು ಗಂಟೆ ಇನ್ನೊಬ್ರ ಕೈ ಹಿಡ್ಕೋಬೇಕು ಅಂತ. ಅವರು ಏನಂದ್ರು ಗೊತ್ತಾ? ಹಿಡ್ಕೋ, ಆದ್ರೆ ಬೇಗ ಕಲ್ತು ಬಿಟ್ಬಿಡು ಅಂದ್ರು."

ನನ್ನ ಬಲಗೈಯ ಉಂಗುರ ಬೆರಳು ಮಡಚುವುದಿಲ್ಲ. ಚಿಕ್ಕಂದಿನಲ್ಲಿ ಅಪ್ಪನ ತಂತಿ ಎಳೆಯುವ ಅಚ್ಚಿಗೆ ಸಿಕ್ಕಿ ಅದರ ನರ ಕಡಿದಿತ್ತು. ಉಜ್ಜುವಾಗ ಅದು ಎತ್ತಿಕೊಂಡೇ ಇರುತ್ತದೆ. ವಾರದಲ್ಲಿ ಶಮೀಮಳ ಬೆರಳೂ ಎತ್ತಿಕೊಂಡಿತು. ತಿಂಗಳಲ್ಲಿ ಮೂವತ್ತು ಜನರದ್ದೂ. ಅದು ಸೊಟ್ಟ ಬೆರಳು, ನೀವು ಹಾಗೆ ಮಾಡಬೇಕಾಗಿಲ್ಲ ಎಂದು ಹೇಳಿದೆ. ಯಾರೂ ನಂಬಲಿಲ್ಲ. ಅದರಲ್ಲೇ ಗುಟ್ಟಿದೆ ಅಂದುಕೊಂಡರು.

ಇಲ್ಲಿ ಹತ್ತು ಗಂಟೆಗೆ, ಅಲ್ಲಿ ಊಟದ ಹೊತ್ತಿಗೆ, ಪಾಠ ಮುಗಿಯುತ್ತಿತ್ತು. ಕಿವಿಯಲ್ಲಿ ಡಬ್ಬಿಗಳ ಮುಚ್ಚಳ ತೆಗೆಯುವ ಸದ್ದು ಕೇಳುತ್ತಿತ್ತು. ಯಾರೋ ಮಾವಿನಕಾಯಿ ಚಿತ್ರಾನ್ನ ತಂದಿದ್ದಾರೆ, ಇನ್ಯಾರೋ ಅವರದನ್ನು ಕಸಿದುಕೊಳ್ಳುತ್ತಿದ್ದಾರೆ. "ಬರ್ತೀವಿ ಮೇಷ್ಟ್ರೆ" ಅಂದು ಶಮೀಮ್ ಕೈಗವಸು ಕಳಚುತ್ತಿದ್ದಳು. ಒಂದು ಕ್ಷಣ ನನ್ನ ಅಂಗೈ ಬೆಚ್ಚಗಿರುತ್ತಿತ್ತು, ಆಮೇಲೆ ಬಟ್ಟೆಯಷ್ಟೇ. ಉಳಿದ ಇಪ್ಪತ್ತೆರಡು ಗಂಟೆ ನಾನು ಯಾರ ಜೊತೆಗೂ ಕನ್ನಡ ಮಾತಾಡುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಜರ್ಮನ್ನೂ ಅಂಗಡಿಯಲ್ಲಿ ಮಾತ್ರ. ಉಲ್ರಿಕ ಹೋದಮೇಲೆ ಕ್ಷೌರದವನನ್ನು ಬಿಟ್ಟರೆ ಯಾರೂ ನನ್ನನ್ನು ಮುಟ್ಟಿರಲಿಲ್ಲ. ಇದು ದೂರು ಅಲ್ಲ. ಒಂಟಿ ಮನುಷ್ಯರಿಗೆಲ್ಲ ಗೊತ್ತಿರುವ ಸಂಗತಿ.

ಮೂರು ತಿಂಗಳಿಗೆ ಮೊದಲ ಮಸೂರ ಪರೀಕ್ಷೆಗೆ ಹೋಯಿತು. ಒಂದು ಸಣ್ಣ ಬೆಳಕಿನ ಚುಕ್ಕಿಯನ್ನು ಮಸೂರದ ಮೂಲಕ ನೋಡುವುದು ಪರೀಕ್ಷೆ. ಚುಕ್ಕಿ ಗುಂಡಗೆ ಕಂಡರೆ ಪಾಸು.

ಇಂಚರಾ ಫೋನು ಮಾಡಿದಳು. "ಸರ್, ಚುಕ್ಕಿ ಭತ್ತದ ಕಾಳಿನ ಹಾಗೆ ಉದ್ದಕ್ಕಿದೆ."

"ಬಿಸಿ ಮಾಡ್ತಿದ್ದಾರೆ," ಅಂದೆ. "ಅರಗಿನ ಅಭ್ಯಾಸ. ಒತ್ತಿ ಬಿಸಿ ಮಾಡಿದರೆ ಗಾಜು ಉಬ್ಬುತ್ತೆ, ಉಬ್ಬಿದ್ದನ್ನು ಉಜ್ಜಿದರೆ ತಣ್ಣಗಾದ ಮೇಲೆ ತಗ್ಗಾಗುತ್ತೆ."

ಎರಡನೆಯದೂ ಭತ್ತ, ಮೂರನೆಯದೂ ಭತ್ತ. ನಾನು ಶಮೀಮಳನ್ನು ಬೈದೆ, ಅವಳು ಉಳಿದವರನ್ನು ಬೈದಳು. ಅವರು ಕೈಯನ್ನು ಐಸ್ ನೀರಿನಲ್ಲಿ ಅದ್ದಿಕೊಂಡು ಕೂರತೊಡಗಿದರು. ನಾಲ್ಕನೆಯದೂ ಭತ್ತವೇ ಆಯಿತು. ಪ್ರತಿ ಸಲ ಸೋತಾಗಲೂ ಇಂಚರಾ ನನ್ನ ಒಪ್ಪಂದವನ್ನು ಒಂದೊಂದು ತಿಂಗಳು ಮುಂದಕ್ಕೆ ಹಾಕುತ್ತಿದ್ದಳು. ಪ್ರತಿ ಸಲವೂ ನಾನು "ಛೆ" ಅನ್ನುತ್ತಿದ್ದೆ. ಫೋನಿಟ್ಟ ಮೇಲೆ ನನಗೆ ಬೇಜಾರಾಗುತ್ತಿರಲಿಲ್ಲ.

ನಮ್ಮ ಕೆಳಗಿನ ಮನೆಯಲ್ಲಿ ಹೆರ್ತಾ ಎಂಬ ಮುದುಕಿ ಇದ್ದಳು. ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಸಿಕ್ಕಳು. ನಾನು ಆಲೂಗಡ್ಡೆ ಚೀಲ ಹಿಡಿದುಕೊಟ್ಟೆ.

"ಒಂದು ಮಾತು ಕೇಳಲೇ?" ಅಂದಳು. "ಬೇಜಾರು ಮಾಡ್ಕೋಬೇಡಿ. ದಿನಾ ಬೆಳಿಗ್ಗೆ ಎರಡು ಗಂಟೆ ಯಾಕೆ ನನ್ನ ತಲೆ ಮೇಲೆ ಸುತ್ತು ಹೊಡೀತೀರಿ?"

"ನಾನಾ? ನಾನು ಮೇಜಿನ ಮುಂದೆ ನಿಂತು ಕೆಲಸ ಮಾಡ್ತೀನಿ."

"ನಿಲ್ಲೋದಿಲ್ಲ. ನಡೀತೀರಿ. ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ನಡೀತೀರಿ. ಹೆಂಡತಿ ಹೋದ ದುಃಖ ಅಂತ ಇಷ್ಟು ದಿನ ಸುಮ್ಮನಿದ್ದೆ." ಗಾಣದೆತ್ತು ಅನ್ನಲಿಲ್ಲ ಅವಳು, ಅವರ ಭಾಷೆಯ ಇನ್ನೇನೋ ಪ್ರಾಣಿ. ಅರ್ಥ ಅದೇ.

ಮೇಲೆ ಬಂದು ಮೇಜಿನ ಸುತ್ತಲಿನ ಜಮಖಾನ ನೋಡಿದೆ. ಉಂಗುರದ ಹಾಗೆ ಸವೆದಿತ್ತು.

ಕುರ್ಚಿ ಎಳೆದುಕೊಂಡು ಬಹಳ ಹೊತ್ತು ಕೂತೆ. ಯೇನಾಕ್ಕೆ ಬಂದ ಮೊದಲ ವರ್ಷ ನನಗೆ ಕಲಿಸಿದ ಹಳೆಯ ಕೆಲಸಗಾರ ಗಾಜನ್ನು ಒಂದು ಕಂಬದ ಮೇಲೆ ಕೂರಿಸಿ ಅದರ ಸುತ್ತ ನಡೆಯುತ್ತ ಉಜ್ಜುತ್ತಿದ್ದ. ಪ್ರತಿ ಮನುಷ್ಯನ ಕೈಯಲ್ಲೂ ಒಂದು ಓರೆ ಇರುತ್ತದೆ. ನಡೆಯುತ್ತ ಉಜ್ಜಿದರೆ ಆ ಓರೆ ಸುತ್ತಲೂ ಹಂಚಿಹೋಗಿ ಇಲ್ಲದಂತಾಗುತ್ತದೆ. ನನ್ನ ಎತ್ತಿದ ಬೆರಳಿನ ಓರೆಯನ್ನು ಮೂವತ್ತೊಂದು ವರ್ಷ ನನ್ನ ಕಾಲು ಸರಿಮಾಡಿಕೊಂಡು ಬಂದಿತ್ತು. ಕಾಲಿಗೆ ಅಭ್ಯಾಸವಾಗಿ ತಲೆ ಅದನ್ನು ಮರೆತುಬಿಟ್ಟಿತ್ತು. ದೂರಗೈ ಅಳೆಯುವುದು ಮೊಳಕೈಯಿಂದ ಬೆರಳ ತುದಿಯವರೆಗೆ ಮಾತ್ರ. ನಾನು ನನ್ನ ಕೈಯನ್ನು ಕಳಿಸಿದ್ದೆ, ಕಾಲು ಇಲ್ಲೇ ಉಳಿದಿತ್ತು. ಮನೆಯಲ್ಲಿ ಕ್ಯಾಮೆರಾ ಬೇಡ ಅಂದದ್ದರಿಂದ ಅಲ್ಲಿ ಯಾರಿಗೂ ಅದು ಕಾಣಲಿಲ್ಲ.

ಆ ಜನ ಬಿಸಿ ಮಾಡುತ್ತಿರಲಿಲ್ಲ. ಅವರ ಕೈಯಲ್ಲಿ ತಪ್ಪೇ ಇರಲಿಲ್ಲ. ಭತ್ತದ ಕಾಳು ನನ್ನದು.

ಆದರೂ ಒಂದು ಪ್ರಶ್ನೆ ಉಳಿಯಿತು. ಯೇನಾದಲ್ಲಿ ಕೂತು ಉಜ್ಜುವವರಿಗೆ ಇದ್ದ ಹಾಗೆ, ಚನ್ನಪಟ್ಟಣದಲ್ಲೂ ಮೊದಲೇ ಗಾಜಿನ ಕೆಳಗೆ ತಿರುಗುವ ತೊಟ್ಟಿಲು ಇಡಿಸಿದ್ದೆ. ಹತ್ತು ಸಲ ಉಜ್ಜಿ ತೊಟ್ಟಿಲನ್ನು ಒಂದಿಷ್ಟು ತಿರುಗಿಸಿದರೆ ನಡೆದಷ್ಟೇ ಪುಣ್ಯ. ಅದೇಕೆ ಕೆಲಸ ಮಾಡಲಿಲ್ಲ? ಬೆಳಿಗ್ಗೆ ಒಂದೇ ಮಾತು ಕೇಳಿದ್ದರೆ ಗೊತ್ತಾಗುತ್ತಿತ್ತು.

ನಾನು ಕೇಳಲಿಲ್ಲ. ಕೇಳಿದರೆ ಐದನೆಯ ಮಸೂರ ಪಾಸಾಗುತ್ತದೆ, ಆಮೇಲೆ ಇನ್ನೈದು, ಆಮೇಲೆ ಈ ಮನೆಯಲ್ಲಿ ಇಪ್ಪತ್ತನಾಲ್ಕು ಗಂಟೆ. ಆರು ದಿನ ಎಂದಿನಂತೆ ಕೈಗವಸು ಹಾಕಿಕೊಂಡು, ಎಂದಿನಂತೆ ಸುತ್ತು ಹೊಡೆದೆ. ಈಗ ಕಾಲಿನ ಸದ್ದು ನನಗೂ ಕೇಳುತ್ತಿತ್ತು. ಶಮೀಮ್ ಐಸ್ ನೀರಿನಿಂದ ತೆಗೆದ ತಣ್ಣನೆಯ ಕೈ ತಂದು ನನ್ನ ಕೈಯೊಳಗೆ ಇಡುತ್ತಿದ್ದಳು. ಅದು ತಣ್ಣಗಿದ್ದದ್ದು ನನ್ನ ಮಾತಿನಿಂದ.

ಏಳನೆಯ ದಿನ ಅವಳು ಕೆಲಸ ಶುರುಮಾಡಲಿಲ್ಲ.

"ಮೇಷ್ಟ್ರೆ, ಶುಕ್ರವಾರದ ಗಾಜೇ ಕೊನೇದಂತೆ. ಅದೂ ಭತ್ತ ಆದ್ರೆ ನಮ್ಮನ್ನೆಲ್ಲ ಮನೆಗೆ ಕಳಿಸ್ತಾರಂತೆ."

"ನಿನ್ನ ಲೇತು ಇದೆಯಲ್ಲ ತಾಯಿ."

"ನಾದಿನಿಗೆ ಕೊಟ್ಬಿಟ್ಟೆ. ಗಾಜಿನ ಕೆಲಸ ಸಿಕ್ತಲ್ಲ, ಇನ್ಯಾಕೆ ಅಂತ. ಈಗ ಅವಳ ಮಗಳು ಅದರ ಮುಂದೆ ಕೂತವ್ಳೆ. ಎದ್ದೇಳೇ ಅಂತ ಹೇಳೋಕಾಗುತ್ತಾ?" ಮತ್ತೆ ಅಂದಳು, "ನಿಮ್ ಹೆಸರು ಕೆಡಿಸ್ತಿದೀವಿ ಅಂತ ಎಲ್ರಿಗೂ ಬೇಜಾರು. ಇಷ್ಟು ದೊಡ್ಡೋರು ದಿನಾ ಕೂತು ಹೇಳ್ಕೊಡ್ತಾರೆ, ನಮಗೆ ಹತ್ತಲ್ಲ."

ಇದಾದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ.

"ಶಮೀಮ್, ತೊಟ್ಟಿಲು ತಿರುಗಿಸ್ತೀರೋ ಇಲ್ವೋ?"

ಅವಳ ಬೆರಳು ಬಿಗಿಯಾದದ್ದು ನನಗೆ ಗೊತ್ತಾಯಿತು.

"ಹೇಳಮ್ಮ."

"ಬೆಣೆ ಹೊಡೆದಿದೀವಿ ಮೇಷ್ಟ್ರೆ."

"ಏನು ಬೆಣೆ?"

"ನಾವು ಬೊಂಬೆ ಕಡೆಯೋ ಹಾಲೆ ಮರದ್ದು. ತಿರುಗದ ಹಾಗೆ. ಎರಡನೇ ದಿನಾನೇ." ಮಾತು ಬಂದ ಮೇಲೆ ಬೇಗ ಬೇಗ ಹೇಳಿದಳು. "ತೊಟ್ಟಿಲು ತಿರುಗಿಸಿದಾಗೆಲ್ಲ ನಿಮ್ ಕೈ ನಡುಗ್ತಿತ್ತು. ವಯಸ್ಸಾದೋರು, ಹೇಳಿದ್ರೆ ನೊಂದ್ಕೋತಾರೆ ಅಂತ ನಾವು ನಾವೇ ಮಾತಾಡ್ಕೊಂಡ್ವಿ. ನೀವು ಒಂದೇ ಕಡೆಯಿಂದ ಬರ್ತೀರಿ, ಗಾಜು ನಿಮಗೆ ಅನುಕೂಲವಾಗಿ ನಿಂತಿರ್ಲಿ ಅಂತ. ಇಂಚರಾ ಮೇಡಂಗೂ ಹೇಳಿಲ್ಲ. ಮೇಷ್ಟ್ರ ಮಾನದ ಪ್ರಶ್ನೆ ಅಲ್ವಾ?"

ನಡುಗಿದ್ದು ನನ್ನ ಕೈಯಲ್ಲ. ಗಾಜು ತಿರುಗಿದರೆ ನೆರಳುಗೈಗೆ ದಿಕ್ಕು ತಪ್ಪುತ್ತದೆ. ಊಹೆ ಒಂದು ಕಡೆ, ಗಾಜು ಒಂದು ಕಡೆ ಆಗಿ ಅದು ಅದುರುತ್ತದೆ. ಯಂತ್ರದ ತೊಡಕನ್ನು ಆ ಮೂವತ್ತು ಜನ ಒಬ್ಬ ಮುದುಕನ ನಡುಕ ಎಂದು ತಿಳಿದು, ಅವನಿಗೆ ನೋವಾಗದಿರಲೆಂದು ಚೆಂದದ ಒಂದು ಬೆಣೆ ಕಡೆದು ಹೊಡೆದಿದ್ದರು. ನಾನು ಆರು ದಿನ ಸುಮ್ಮನಿದ್ದದ್ದಕ್ಕೆ ಹೇಳಿಕೊಳ್ಳಲು ಅಂಥ ಮರ್ಯಾದೆಯ ಕಾರಣವೇನೂ ಇರಲಿಲ್ಲ.

"ನನಗೆ ಆರು ದಿನದಿಂದ ಗೊತ್ತಿತ್ತು," ಅಂದೆ. "ತಪ್ಪು ನನ್ನದು, ನಿಮ್ಮದಲ್ಲ ಅಂತ. ನಾನು ನಡೀತಾ ಉಜ್ಜುತೀನಿ. ಅದು ನಿಮಗೆ ಬರ್ತಾ ಇರಲಿಲ್ಲ. ಹೇಳಿದರೆ ಪಾಠ ಮುಗಿಯುತ್ತೆ ಅಂತ ಹೇಳಲಿಲ್ಲ."

"ಆರು ದಿನ ಐಸ್ ನೀರಲ್ಲಿ ಕೈ ಇಟ್ಕೊಂಡಿದೀವಿ ಮೇಷ್ಟ್ರೆ."

"ಹೌದು."

ಕೈಗವಸು ಕಳಚುತ್ತಾಳೆ ಅಂದುಕೊಂಡೆ. ಕಳಚಲಿಲ್ಲ.

"ನಾನು ನಾದಿನಿಗೆ ಒಂದು ವರ್ಷ ಹಳದಿ ಅರಗು ಬೆರೆಸೋದು ಹೇಳ್ಕೊಟ್ಟಿರ್ಲಿಲ್ಲ," ಅಂದಳು ಕೊನೆಗೆ. "ಹೇಳ್ಕೊಟ್ರೆ ಮನೆಗೆ ಬರೋದು ನಿಲ್ಸ್ತಾಳೆ ಅಂತ. ಈಗೇನ್ ಮಾಡ್ಬೇಕು, ಅದು ಹೇಳಿ."

"ಬೆಣೆ ಕಿತ್ತು ಹಾಕು. ಎದ್ದು ನಿಂತ್ಕೊ. ಗಾಜಿನ ಸುತ್ತ ನಡಿ, ನಡೀತಾ ಉಜ್ಜು."

ಎರಡು ಹೆಜ್ಜೆಗೆ ಕೈ ಅದುರಿತು. ಮೂರನೆಯದಕ್ಕೆ ತಲೆಯ ಮೇಲಿನಿಂದ ಇಳಿಬಿದ್ದ ದೂರಗೈಯ ವೈರು ಅವಳ ತೋಳಿಗೆ ಸುತ್ತಿಕೊಂಡಿತು. ಅದನ್ನು ಬಿಡಿಸಿಕೊಂಡು ಮತ್ತೆ ನಡೆದಳು, ಮತ್ತೆ ಸುತ್ತಿಕೊಂಡಿತು.

"ಆಗಲ್ಲ ಮೇಷ್ಟ್ರೆ."

"ಕೈಗವಸು ತೆಗಿ."

"ತೆಗೆದ್ರೆ ನೀವು?"

"ಇನ್ನು ನನ್ನ ಕೈ ಬೇಡ. ರಾಳ ನಿನಗೆ ಗೊತ್ತು, ಬಿಸಿ ನಿನಗೆ ಗೊತ್ತು. ನಡೆಯೋದು ಒಂದು ಬಾಕಿ ಇತ್ತು."

ಅವಳು ಅಂಗೈಯನ್ನು ಒಂದು ಸಲ ಒತ್ತಿದಳು, ರಾಳ ಹದಕ್ಕೆ ಬಂದಿದೆಯೇ ಎಂದು ನೋಡುವ ಹಾಗೆ. ಆಮೇಲೆ ಕಳಚಿದಳು. ಕಿವಿಯಲ್ಲಿ ಅವಳ ಚಪ್ಪಲಿಯ ಸದ್ದು ಮಾತ್ರ ಉಳಿಯಿತು. ಒಂದು ಸುತ್ತು, ಎರಡು ಸುತ್ತು. "ಇದೇನೇ ಶಮೀಮಕ್ಕ, ಪ್ರದಕ್ಷಿಣೆ ಹಾಕ್ತಿದೀಯಾ?" ಎಂದು ಯಾರೋ ರೇಗಿಸಿದರು. "ಬಾಯ್ಮುಚ್ಕೊಂಡು ನೀನೂ ಏಳು," ಅಂದಳು.

ಶುಕ್ರವಾರ ಇಂಚರಾ ಫೋನು ಮಾಡಿದಳು. "ಗುಂಡಗಿದೆ ಸರ್. ಸಾಸಿವೆ ಹಾಗಿದೆ."

ಆರು ವಾರದಲ್ಲಿ ಆರೂ ಪಾಸಾದವು. ಕೈಗವಸಿಲ್ಲದೆಯೇ ಪಾಸಾದದ್ದರಿಂದ ನೆರಳುಗೈಗೆ ಕೆಲಸವಿಲ್ಲವಾಯಿತು. ಅದು ಇಂಚರಾಳ ನಾಲ್ಕು ವರ್ಷದ ದುಡಿಮೆ. ಅವಳು ಗೊಣಗಲಿಲ್ಲ. ಕಾರ್ಖಾನೆಯ ನೆಲದಲ್ಲಿ ಕಂಬಗಳನ್ನು ನೆಡಿಸಿ, ಸುತ್ತ ನಡೆಯಲು ಜಾಗ ಬಿಡಿಸಿದಳು.

"ನಿಮ್ಮ ಕೈಯನ್ನ ಹಾಗೇ ಇಟ್ಟಿರ್ತೀನಿ ಸರ್, ನಮ್ಮ ಕಂಪ್ಯೂಟರಿನಲ್ಲಿ. ಯಾವಾಗಲಾದರೂ ಬೇಕಾಗಬಹುದು," ಅಂದಳು.

"ಬೇಡಮ್ಮ, ಅಳಿಸಿಬಿಡು. ಅದರಲ್ಲಿ ಸೊಟ್ಟ ಬೆರಳಿದೆ. ಮುಂದೆ ಯಾರೋ ಅದನ್ನೇ ವಿದ್ಯೆ ಅಂದುಕೊಳ್ತಾರೆ."

ಅವಳು ಎರಡು ಸಲ ಕೇಳಿ, ಅಳಿಸಿದಳು. ನನ್ನ ಕಡೆಯ ಕೈಗವಸನ್ನು ಪೆಟ್ಟಿಗೆಯಲ್ಲಿಟ್ಟು ಅಂಚೆಗೆ ಕೊಟ್ಟುಬಂದೆ. ಮರುವಾರ ಶಮೀಮಳ ಧ್ವನಿ ಸಂದೇಶ ಬಂತು. ಹೊಸದಾಗಿ ನಲವತ್ತು ಜನ ಸೇರಿದ್ದಾರಂತೆ, ಅವಳೇ ಕಲಿಸುತ್ತಾಳಂತೆ. "ಏನ್ ಮಾಡಿದ್ರೂ ನನ್ನ ಬೆರಳು ಕೆಳಗಿಳಿಯಲ್ಲ ಮೇಷ್ಟ್ರೆ. ಈ ಹೊಸ ಹುಡ್ಗೀರೂ ನನ್ನ ನೋಡಿ ಎತ್ಕೊಂಡವ್ರೆ. ಊಟ ಮಾಡಿ. ಬರೀ ಬ್ರೆಡ್ ತಿನ್ಬೇಡಿ." ಹಿಂದೆ ಡಬ್ಬಿಗಳ ಮುಚ್ಚಳ ತೆಗೆಯುವ ಸದ್ದಿತ್ತು. ಅದನ್ನು ಮೂರು ಸಲ ಕೇಳಿದೆ. ಆಮೇಲೂ ಅವಳು ಆಗಾಗ ಸಂದೇಶ ಕಳಿಸುತ್ತಿದ್ದಳು; ಕೆಲಸ ಹೆಚ್ಚಿದ ಹಾಗೆ ಅವು ಚಿಕ್ಕವಾದವು, ಹಬ್ಬಗಳಿಗೆ ಮಾತ್ರ ಬರತೊಡಗಿದವು. ಅದು ಸಹಜ.

ಒಂದು ಬೆಳಿಗ್ಗೆ ಹೆರ್ತಾ ಮೇಲೆ ಬಂದು ಬಾಗಿಲು ತಟ್ಟಿದಳು.

"ಬದುಕಿದ್ದೀರಾ ಅಂತ ನೋಡೋಕೆ ಬಂದೆ," ಅಂದಳು. "ನಡಿಗೆಯ ಸದ್ದೇ ಇಲ್ಲ."

"ಕೆಲಸ ಮುಗೀತು," ಅಂದೆ.

ಅವಳು ಗೂಟದ ಮೇಲಿನ ಕೋಟು ನೋಡಿದಳು, ಸವೆದ ಜಮಖಾನ ನೋಡಿದಳು, ಇಳಿದುಹೋದಳು.

ಈಗ ಆ ಬಿಲ್ಲೆ ಚನ್ನಪಟ್ಟಣದಲ್ಲೇ ಹದಿನಾಲ್ಕು ಲಕ್ಷದ ಮಸೂರವಾಗುತ್ತದೆ, ಹೊರಗಿನ ಯಾರನ್ನೂ ಕೇಳಬೇಕಾಗಿಲ್ಲ. ಎಪ್ಪತ್ತು ಜನಕ್ಕೆ ಕೆಲಸವಿದೆ, ಶಮೀಮ್ ಅವರಿಗೆ ಮೇಷ್ಟರಾಗಿದ್ದಾಳೆ. ದೇಶಕ್ಕೆ ಸಿಕ್ಕಿದ್ದು ಅದು. ನನ್ನಿಂದ ಹೋದದ್ದು ದಿನಕ್ಕೆ ಎರಡು ಗಂಟೆ ನನ್ನ ಅಂಗೈಯಲ್ಲಿರುತ್ತಿದ್ದ ಇನ್ನೊಬ್ಬರ ಕೈಯ ಬಿಸಿ. ಅದು ತಿರುಗಿ ಬರಲಿಲ್ಲ.